ನಿಕ್ಸಿ ಟ್ಯೂಬ್ ಉರಿಸುವುದು ಹೇಗೆ? ಟೆಸ್ಟರ್‌ನಲ್ಲೇ ಇದೆ ಪಾಠ

ಕರೆಂಟ್ ಇದೆಯೋ ಇಲ್ಲವೋ ಎಂದು ವೈರ್‌ಮನ್ ಚುಚ್ಚಿ ನೋಡುವ ಟೆಸ್ಟರ್ ಎಲ್ಲರಿಗೂ ಗೊತ್ತು. ಅದರೊಳಗೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ನಿಯಾನ್ ಅನಿಲ. ಅದೇ ಬೆಳಕಿನಲ್ಲಿ ಅಂಕಿ ತೋರಿಸುವ ಗಾಜಿನ ಬುರುಡೆಯೇ ನಿಕ್ಸಿ ಟ್ಯೂಬ್. ಅಮೆರಿಕದ ಬರೋಸ್ ಕಂಪೆನಿ 1955ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎಲ್‌ಇಡಿ ಬರುವ ತನಕ ಅಳತೆ ಯಂತ್ರಗಳಲ್ಲಿ ಇದರದೇ ಕಾರುಬಾರು. ಈಗ ಹವ್ಯಾಸಿಗಳು ಹಳೆಯ ಟ್ಯೂಬ್‌ಗಳಿಂದ ಗಡಿಯಾರ ಮಾಡುತ್ತಾರೆ. ಸರ್ಕ್ಯೂಟ್ ತಪ್ಪಿದರೆ ಟ್ಯೂಬ್ ಹಾಳು. ಅಂಥದ್ದೇ ಮತ್ತೊಂದು ಸಿಗುವುದು ಸುಲಭವಲ್ಲ.

ಒಳಗೇನಿದೆ?
ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಆಕಾರದ ಹತ್ತು ಕ್ಯಾಥೋಡ್‌ಗಳು ಒಂದರ ಹಿಂದೊಂದು ಇರುತ್ತವೆ. ಎಲ್ಲಕ್ಕೂ ಸೇರಿ ಬಲೆಯಂಥ ಆನೋಡ್ ಒಂದೇ. ಯಾವ ಅಂಕಿಯನ್ನು ನೆಗೆಟಿವ್‌ಗೆ ಜೋಡಿಸುತ್ತೇವೆಯೋ ಅದರ ಸುತ್ತಲಿನ ಅನಿಲ ಹೊಳೆಯುತ್ತದೆ.

ರೆಸಿಸ್ಟರ್ ಏಕೆ ಬೇಕು?
ಟ್ಯೂಬ್ ಹೊತ್ತಿಕೊಳ್ಳಲು ಸುಮಾರು 170 ವೋಲ್ಟ್ ಬೇಕು. ಹೊತ್ತಿದ ಮೇಲೆ 140 ವೋಲ್ಟ್ ಸಾಕು. ಹೊತ್ತುವ ಮೊದಲು ಅನಿಲ ಕರೆಂಟನ್ನು ಬಿಡುವುದೇ ಇಲ್ಲ. ಹೊತ್ತಿದ ಮೇಲೆ ತಡೆಯುವುದೇ ಇಲ್ಲ. ಆದ್ದರಿಂದ ಆನೋಡ್‌ಗೆ ಸರಣಿಯಲ್ಲಿ ರೆಸಿಸ್ಟರ್ ಹಾಕಲೇಬೇಕು. ಲೆಕ್ಕ ಸರಳ: ಸಪ್ಲೈ 180 ವೋಲ್ಟ್ ಆದರೆ ಟ್ಯೂಬಿನ 140 ಕಳೆದು 40 ಉಳಿಯಿತು. ಬೇಕಾದ ಕರೆಂಟ್ 2.5 ಮಿಲಿಆಂಪಿಯರ್ ಎಂದರೆ 16 ಕಿಲೋಓಮ್. ಟೆಸ್ಟರ್‌ನೊಳಗೂ ದೊಡ್ಡ ರೆಸಿಸ್ಟರ್ ಇದೆ. ಹಿಡಿದವರಿಗೆ ಶಾಕ್ ಹೊಡೆಯದಿರುವುದು ಅದರಿಂದಲೇ.

5 ವೋಲ್ಟ್ ಚಿಪ್‌ನಿಂದ ಸಾಧ್ಯವೇ?
ಗಡಿಯಾರದ ಚಿಪ್ 5 ವೋಲ್ಟ್‌ನದು. ನೇರ ಜೋಡಿಸಿದರೆ ಅದೇ ಸುಟ್ಟುಹೋಗುತ್ತದೆ. ನಡುವೆ 74141 ಅಥವಾ ಸೋವಿಯತ್ ಕಾಲದ ಕೆ155ಐಡಿ1 ಚಿಪ್ ಇಡುತ್ತಾರೆ. ಇದು ಬೇಕಾದ ಒಂದು ಅಂಕಿಯನ್ನು ಮಾತ್ರ ಗ್ರೌಂಡಿಗೆ ಎಳೆಯುತ್ತದೆ. ಉಳಿದವು ಸುಮಾರು 60 ವೋಲ್ಟ್‌ನಲ್ಲಿ ನಿಲ್ಲುತ್ತವೆ. ಆನೋಡ್ 140ರಲ್ಲಿ ಇರುವುದರಿಂದ ಅವುಗಳಿಗೆ ಸಿಗುವುದು 80 ವೋಲ್ಟ್ ಮಾತ್ರ. ಹೊತ್ತಿಕೊಳ್ಳಲು ಅದು ಸಾಲದು. ಈ ಚಿಪ್ ಸಿಗದಿದ್ದರೆ ಅಂಕಿಗೊಂದರಂತೆ 300 ವೋಲ್ಟ್ ತಡೆಯುವ ಎಂಪಿಎಸ್‌ಎ42 ಟ್ರಾನ್ಸಿಸ್ಟರ್ ಹಾಕಬಹುದು.

ಎಣಿಸುವ ಟ್ಯೂಬ್
ಇದರ ಬಳಗದ ಡೆಕಾಟ್ರಾನ್ ತಾನೇ ಎಣಿಸುತ್ತದೆ. ವೃತ್ತಾಕಾರದಲ್ಲಿ 30 ಕ್ಯಾಥೋಡ್; 10 ಮುಖ್ಯ, 20 ದಾರಿ ತೋರಿಸುವವು. ದಾರಿಯ ಎರಡು ಗುಂಪುಗಳಿಗೆ ಒಂದಾದ ಮೇಲೊಂದು ನೆಗೆಟಿವ್ ಪಲ್ಸ್ ಕೊಟ್ಟರೆ ಬೆಳಕು ಮುಂದಿನ ಅಂಕಿಗೆ ಸರಿಯುತ್ತದೆ. ಪಲ್ಸ್‌ಗಳ ಕ್ರಮ ತಿರುಗಿಸಿದರೆ ಹಿಂದಕ್ಕೆ ಎಣಿಸುತ್ತದೆ. 1951ರಲ್ಲಿ ಕೆಲಸ ಆರಂಭಿಸಿದ ಇಂಗ್ಲೆಂಡಿನ ಹಾರ್ವೆಲ್ ಕಂಪ್ಯೂಟರ್‌ನಲ್ಲಿ ಇವೇ ಇದ್ದವು. ಅದನ್ನು ದುರಸ್ತಿ ಮಾಡಿ 2012ರಲ್ಲಿ ಬ್ಲೆಚ್ಲಿ ಪಾರ್ಕ್‌ನ ಮ್ಯೂಸಿಯಂನಲ್ಲಿ ಮತ್ತೆ ಚಾಲೂ ಮಾಡಲಾಯಿತು.

ಎಚ್ಚರಿಕೆ
ಅಪರೂಪಕ್ಕೆ ಉರಿಯುವ ಅಂಕಿಗಳ ಮೇಲೆ ಲೋಹದ ಪದರ ಕೂತು ಬೆಳಕು ಅಲ್ಲಲ್ಲಿ ಮಾಯವಾಗುತ್ತದೆ. ದಿನಕ್ಕೊಮ್ಮೆ ಎಲ್ಲ ಅಂಕಿಗಳನ್ನೂ ಸ್ವಲ್ಪ ಹೊತ್ತು ಉರಿಸಿದರೆ ಟ್ಯೂಬ್ ಬಾಳಿಕೆ ಬರುತ್ತದೆ. 180 ವೋಲ್ಟ್ ಡಿಸಿ ಪ್ರಾಣ ತೆಗೆಯಬಲ್ಲದು. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಮೀಟರ್ ಇಟ್ಟು ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಬೇಕು.