ಮಂಡಿ ನೋವು: ಸಹಿಸೋಣವೋ, ಆಪರೇಷನ್ ಮಾಡಿಸೋಣವೋ?



ಕೂತರೆ ಏಳಲು ಆಗದು. ಎದ್ದರೆ ಕೂರಲು ಆಗದು. ಐವತ್ತು ದಾಟಿದ ನಮ್ಮಲ್ಲಿ ಅನೇಕರ ಮಾತು ಇದು. ನೀರು ಹೊತ್ತ ಕಾಲು. ಕಳೆ ಕಿತ್ತ ಕಾಲು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ ಕಾಲು. ಅದು ಈಗ ನೋಯುತ್ತದೆ.

"ವಯಸ್ಸಾಯ್ತು, ಇನ್ನೇನು ಮಾಡೋದು" ಅಂತ ಕೆಲವರು ಸುಮ್ಮನೆ ಇರುತ್ತೇವೆ. "ಆಪರೇಷನ್ ಮಾಡಿಸಿಬಿಡಿ" ಅಂತ ಯಾರಾದರೂ ಹೇಳಿದರೆ ಹೆದರುತ್ತೇವೆ. ಸುಮ್ಮನಿರುವುದೂ ಸರಿಯಲ್ಲ, ಅವಸರವೂ ಬೇಡ. ತಿಳಿದುಕೊಂಡು ನಾವೇ ತೀರ್ಮಾನ ಮಾಡಬೇಕು. ಯಾಕೆಂದರೆ ಕಾಲು ನಮ್ಮದು.

ಮಂಡಿಯ ಒಳಗೆ ಏನಿದೆ?

ಮಂಡಿ ಒಂದು ಕೀಲು. ಮೇಲೆ ತೊಡೆಯ ಮೂಳೆ. ಕೆಳಗೆ ಮೊಣಕಾಲಿನ ಕೆಳಗಿನ ಮೂಳೆ. ಮುಂದೆ ಮಂಡಿಚಿಪ್ಪು. ಮೂಳೆಗಳ ತುದಿಗೆ ನುಣುಪಾದ ಒಂದು ಹೊದಿಕೆ ಇದೆ. ಅದಕ್ಕೆ ಮೃದ್ವಸ್ಥಿ ಅಂತ ಹೆಸರು. ಮೆದು ಮೂಳೆ ಅಂತಲೂ ಕರೆಯಬಹುದು. ನಡುವೆ ಅಂಟು ಅಂಟಾದ ಒಂದು ದ್ರವ ಇರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದ ಹಾಗೆ.

ವರ್ಷ ಕಳೆದಂತೆ ಈ ಮೆದು ಮೂಳೆ ಸವೆಯುತ್ತದೆ. ತೆಳ್ಳಗಾಗುತ್ತದೆ. ಕೊನೆಗೆ ಮೂಳೆಗೆ ಮೂಳೆ ಉಜ್ಜುತ್ತದೆ. ಆಗ ನೋವು, ಊತ, ಕಟಕಟ ಸದ್ದು. ಕೆಲವರಿಗೆ ಕಾಲು ಬಿಲ್ಲಿನ ಹಾಗೆ ಸೊಟ್ಟಗಾಗುತ್ತದೆ. ಇದಕ್ಕೆ ಕೀಲು ಸವೆತ ಅನ್ನುತ್ತಾರೆ.

ಸವೆದ ಮೆದು ಮೂಳೆಯನ್ನು ಮೊದಲಿನ ಹಾಗೆ ಬೆಳೆಸುವ ಮಾತ್ರೆ ಇಲ್ಲ. ಆದರೆ ನೋವು ಕಡಿಮೆ ಮಾಡಬಹುದು. ನಡೆಯುವ ಶಕ್ತಿ ಉಳಿಸಿಕೊಳ್ಳಬಹುದು.

ಯಾರಿಗೆ ಹೆಚ್ಚು?

ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ಮೈ ತೂಕ ಹೆಚ್ಚಿದ್ದರೆ, ಹಿಂದೆ ಮಂಡಿಗೆ ಪೆಟ್ಟು ಬಿದ್ದಿದ್ದರೆ, ದಿನವಿಡೀ ಕುಕ್ಕರಗಾಲಲ್ಲಿ ಕೂತು ದುಡಿದಿದ್ದರೆ ಸವೆತ ಬೇಗ ಬರಬಹುದು. ತಾಯಿಗೆ ಇದ್ದರೆ ಮಗಳಿಗೂ ಬರಬಹುದು.

"ಬದನೆಕಾಯಿ ತಿಂದೆ, ಆಲೂಗಡ್ಡೆ ತಿಂದೆ, ಅದಕ್ಕೇ ವಾಯು ಹಿಡಿಯಿತು" ಅಂತ ಹೇಳುವುದುಂಟು. ಅವನ್ನು ಬಿಟ್ಟರೆ ಸವೆತ ನಿಲ್ಲುವುದಿಲ್ಲ.

ಎಲ್ಲ ಮಂಡಿ ನೋವೂ ಸವೆತವಲ್ಲ

ಇದು ಮುಖ್ಯ. ಸರಿಯಾಗಿ ಓದಿಕೊಳ್ಳಿ.

ಬೆಳಿಗ್ಗೆ ಎದ್ದಾಗ ಕೈಬೆರಳಿನ ಗಂಟುಗಳು ಊದಿ, ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿಯಾಗಿದ್ದರೆ ಅದು ಬೇರೆ ಬಗೆಯ ಸಂಧಿವಾತ ಇರಬಹುದು. ಅದಕ್ಕೆ ರಕ್ತ ಪರೀಕ್ಷೆ ಬೇಕು. ಔಷಧಿಯೂ ಬೇರೆ. ಬೇಗ ಶುರು ಮಾಡಿದರೆ ಕೀಲು ಹಾಳಾಗುವುದನ್ನು ತಡೆಯಬಹುದು.

ಮಂಡಿ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನಲ್ಲಿ ಕೀವು ಆಗಿರಬಹುದು. ಕಾಯಬೇಡಿ.

ಮೊದಲು ನಾವೇ ಏನು ಮಾಡಬಹುದು?

ಒಂದು, ತೂಕ. ಮೈ ತೂಕ 1 ಕಿಲೋ ಇಳಿದರೆ, ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಹಾಗಾದರೆ 5 ಕಿಲೋ ಇಳಿದರೆ ಎಷ್ಟು? ಲೆಕ್ಕ ಹಾಕಿ ನೋಡಿ. 20 ಕಿಲೋ! ಸಕ್ಕರೆ, ಎಣ್ಣೆ, ಕರಿದ ತಿಂಡಿ ಕಡಿಮೆ ಮಾಡೋಣ. ಸೊಪ್ಪು, ತರಕಾರಿ, ಕಾಳು ಹೆಚ್ಚು ಮಾಡೋಣ.

ಎರಡು, ತೊಡೆಯ ಬಲ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ. ಹೀಗೆ ಮಾಡಿ. ಅಂಗಾತ ಮಲಗಿ, ಕಾಲು ಚಾಚಿ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲನ್ನು ಕೆಳಗೆ ಒತ್ತಿ. ಐದು ಎಣಿಸಿ. ಬಿಡಿ. ಹೀಗೆ ಹತ್ತು ಸಲ. ಆಮೇಲೆ ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರವಾಗಿ ಚಾಚಿ ಹಿಡಿಯಿರಿ. ಐದು ಎಣಿಸಿ. ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು ಸಲ. ದಿನಾ ಮಾಡಿ. ಒಂದು ವಾರಕ್ಕೆ ಫಲ ಕಾಣದು. ಎರಡು ಮೂರು ತಿಂಗಳು ಬೇಕು.

ಮೂರು, ನಡಿಗೆ ಬಿಡಬಾರದು. "ನೋವು ಇದೆ, ಮಲಗೇ ಇರ್ತೀನಿ" ಅಂದರೆ ಸ್ನಾಯು ಸೊರಗುತ್ತದೆ. ಸಮತಟ್ಟಾದ ದಾರಿಯಲ್ಲಿ ಆಗುವಷ್ಟು ನಡೆಯಿರಿ.

ನಾಲ್ಕು, ಕೆಲಸದ ರೀತಿ ಬದಲಿಸೋಣ. ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಬದಲು ಎತ್ತರದ ಮೇಲೆ ಇಟ್ಟುಕೊಳ್ಳಿ. ಬಟ್ಟೆ ಒಗೆಯುವಾಗ ಸ್ಟೂಲಿನ ಮೇಲೆ ಕೂರಿ. ಉದ್ದ ಹಿಡಿಯ ಪೊರಕೆ ಬಳಸಿ.

ಐದು, ಕೋಲು. ಕೋಲು ಹಿಡಿಯಲು ನಾಚಿಕೆ ಬೇಡ. ಯಾವ ಕೈಯಲ್ಲಿ ಹಿಡಿಯಬೇಕು ಗೊತ್ತಾ? ಬಲ ಮಂಡಿ ನೋಯುತ್ತಿದ್ದರೆ ಎಡಗೈಯಲ್ಲಿ. ಎಡ ಮಂಡಿ ನೋಯುತ್ತಿದ್ದರೆ ಬಲಗೈಯಲ್ಲಿ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ನೋವಿನ ಕಾಲು ಮೊದಲು.

ಮಾತ್ರೆ, ಸೂಜಿ, ಪುಡಿ

ನೋವಿನ ಮಾತ್ರೆ ನೋವನ್ನು ಕಡಿಮೆ ಮಾಡುತ್ತದೆ. ಸವೆತವನ್ನು ವಾಸಿ ಮಾಡದು. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ತಗೋಬಾರದು. ಸವರುವ ಮುಲಾಮು, ಬಿಸಿ ಶಾಖ ಕೆಲವರಿಗೆ ಸಾಕಾಗುತ್ತದೆ.

ಮಂಡಿಗೆ ಕೊಡುವ ಸ್ಟೀರಾಯ್ಡ್ ಸೂಜಿಯಿಂದ ಕೆಲವು ವಾರ ಆರಾಮ ಸಿಗಬಹುದು. ಪದೇ ಪದೇ ಹಾಕಿಸುವುದು ಒಳ್ಳೆಯದಲ್ಲ.

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಾರುವ ಹೆಸರಿಲ್ಲದ ಪುಡಿ ಬೇಡ. ಅಂಥ ಪುಡಿಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಎರಡು ದಿನಕ್ಕೆ ನೋವು ಮಾಯ! ಆಮೇಲೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಮಂಡಿ ಬದಲಿಸುವ ಆಪರೇಷನ್ ಅಂದ್ರೆ ಏನು?

ಇಡೀ ಮಂಡಿಯನ್ನು ಕತ್ತರಿಸಿ ತೆಗೆಯುತ್ತಾರೆ ಅಂತ ಅನೇಕರ ಹೆದರಿಕೆ. ಹಾಗಲ್ಲ. ಸವೆದ ಮೂಳೆಯ ತುದಿಯನ್ನು ಮಾತ್ರ ತೆಳ್ಳಗೆ ಕತ್ತರಿಸುತ್ತಾರೆ. ಅಲ್ಲಿ ಲೋಹದ ಹೊದಿಕೆ ಕೂರಿಸುತ್ತಾರೆ. ಎರಡು ಲೋಹಗಳ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಇಡುತ್ತಾರೆ. ಮೂಳೆಗೆ ಮೂಳೆ ಉಜ್ಜುವುದು ನಿಲ್ಲುತ್ತದೆ.

ಹೆಚ್ಚಾಗಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಆಪರೇಷನ್ನಿಗೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಅದೇ ದಿನ ಅಥವಾ ಮಾರನೆಯ ದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ.

ಇದು ಹೊಸ ಪ್ರಯೋಗವಲ್ಲ. 1970ರ ದಶಕದಿಂದ ಜಗತ್ತಿನಲ್ಲಿ ನಡೆಯುತ್ತಿದೆ. ಅಟಲ್ ಬಿಹಾರಿ ವಾಜಪೇಯಿ ಅವರು ಪ್ರಧಾನಿಯಾಗಿದ್ದಾಗಲೇ 2000ರಲ್ಲಿ ಒಂದು ಮಂಡಿ, 2001ರಲ್ಲಿ ಇನ್ನೊಂದು ಮಂಡಿ ಬದಲಿಸಿಕೊಂಡರು.

ಯಾವಾಗ ಬೇಕು?

ಎಕ್ಸ್‌ರೇ ಒಂದನ್ನೇ ನೋಡಿ ತೀರ್ಮಾನ ಮಾಡುವುದಲ್ಲ. ಎಕ್ಸ್‌ರೇಯಲ್ಲಿ ಸವೆತ ಹೆಚ್ಚು ಕಂಡರೂ ಕೆಲವರು ಓಡಾಡಿಕೊಂಡು ಇರುತ್ತಾರೆ. ಹಾಗಾಗಿ ನಮ್ಮ ದಿನದ ಬದುಕನ್ನು ನೋಡಬೇಕು.

ರಾತ್ರಿ ನೋವಿಗೆ ನಿದ್ದೆ ಬರುವುದಿಲ್ಲವೇ? ಮನೆಯೊಳಗೆ ನಡೆಯಲೂ ಕಷ್ಟವೇ? ಪಾಯಿಖಾನೆಗೆ ಹೋಗಲು ಇನ್ನೊಬ್ಬರ ಕೈ ಬೇಕೇ? ಕಾಲು ದಿನೇ ದಿನೇ ಸೊಟ್ಟಗಾಗುತ್ತಿದೆಯೇ? ತೂಕ, ವ್ಯಾಯಾಮ, ಔಷಧಿ ಎಲ್ಲ ತಿಂಗಳುಗಟ್ಟಲೆ ಮಾಡಿಯೂ ಆಗಲಿಲ್ಲವೇ? ಹೌದು ಅನ್ನುವ ಉತ್ತರ ಹೆಚ್ಚಿದ್ದರೆ, ಎಕ್ಸ್‌ರೇಯಲ್ಲೂ ಸವೆತ ಹೆಚ್ಚಿದ್ದರೆ, ಆಪರೇಷನ್ ಬಗ್ಗೆ ಯೋಚಿಸುವ ಕಾಲ ಬಂದಿದೆ.

ಇದು ಇವತ್ತೇ ಆಗಬೇಕಾದ ಆಪರೇಷನ್ ಅಲ್ಲ. ಯೋಚಿಸಲು ಸಮಯ ಇದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಬಹುದು. ಆದರೆ ವರ್ಷಗಟ್ಟಲೆ ಮುಂದೂಡುತ್ತಾ ಹಾಸಿಗೆ ಹಿಡಿಯುವವರೆಗೂ ಕಾಯಬಾರದು. ಕಾಲು ಮಡಚಿದಲ್ಲೇ ಬಿಗಿದುಕೊಂಡರೆ, ತೊಡೆ ಸೊರಗಿದರೆ, ಆಮೇಲೆ ಮಾಡಿಸಿದ ಆಪರೇಷನ್ನಿನ ಫಲವೂ ಕಡಿಮೆ.

ಇಬ್ಬರು ಅಕ್ಕಂದಿರು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನಿಗೆ 54 ವರ್ಷ. ಎರಡೂ ಮಂಡಿ ಸವೆದಿವೆ. ಅವರು ವ್ಯಾಯಾಮ ಹಿಡಿದರು. ಒಂದು ವರ್ಷದಲ್ಲಿ 6 ಕಿಲೋ ಇಳಿದರು. ನೋವು ಪೂರಾ ಹೋಗಿಲ್ಲ. ಆದರೆ ಹೊಲಕ್ಕೆ ಹೋಗಿ ಬರುತ್ತಾರೆ. "ಸದ್ಯಕ್ಕೆ ಆಪರೇಷನ್ ಬೇಡ" ಅಂತ ತೀರ್ಮಾನಿಸಿದ್ದಾರೆ. ಅದು ಸರಿ.

ಇನ್ನೊಬ್ಬ ಅಮ್ಮನಿಗೆ 66 ವರ್ಷ. ರಾತ್ರಿ ಬಚ್ಚಲಿಗೆ ಹೋಗಲು ಸೊಸೆಯನ್ನು ಎಬ್ಬಿಸಬೇಕಿತ್ತು. ಅದಕ್ಕೆ ಸಂಕೋಚಪಟ್ಟು ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಾಲ್ಕು ವರ್ಷ ಮುಂದೂಡಿದರು. ಕೊನೆಗೆ ಒಂದು ಮಂಡಿ ಬದಲಿಸಿಕೊಂಡರು. ಮೊದಲ ತಿಂಗಳು ಬಹಳ ನೋವು. ವ್ಯಾಯಾಮ ಮಾಡುವಾಗ ಅತ್ತಿದ್ದೂ ಉಂಟು. ಮೂರು ತಿಂಗಳಿಗೆ ತಾವೇ ರೇಷನ್ ಅಂಗಡಿಗೆ ಹೋಗಿ ಬಂದರು. ನೆಲದ ಮೇಲೆ ಕೂತು ಎಲೆ ಊಟ ಮಾಡಲು ಮಾತ್ರ ಈಗ ಆಗುವುದಿಲ್ಲ. "ಅದೊಂದು ಬೇಜಾರು ಕಣಮ್ಮ. ಆದ್ರೆ ರಾತ್ರಿ ನೀರು ಕುಡೀತೀನಿ" ಅನ್ನುತ್ತಾರೆ. ಅದೂ ಸರಿ.

ಲಾಭ ಏನು? ಅಪಾಯ ಏನು?

ಹೆಚ್ಚಿನವರಿಗೆ ನೋವು ತುಂಬ ಕಡಿಮೆಯಾಗುತ್ತದೆ. ಕಾಲು ನೆಟ್ಟಗಾಗುತ್ತದೆ. ಬೇರೆ ದೇಶಗಳ ಲೆಕ್ಕ ಸೇರಿಸಿ 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 100 ಕೃತಕ ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ.

ಎಲ್ಲರಿಗೂ ಪೂರ್ತಿ ತೃಪ್ತಿ ಸಿಗುವುದಿಲ್ಲ. ಐವರಲ್ಲಿ ಒಬ್ಬರಿಗೆ "ಅಂದುಕೊಂಡಷ್ಟು ಆಗಲಿಲ್ಲ" ಅನ್ನಿಸಬಹುದು. ನೂರರಲ್ಲಿ ಒಬ್ಬಿಬ್ಬರಿಗೆ ಒಳಗೆ ಸೋಂಕು ಆಗಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮನೆಗೆ ಬಂದ ಮೇಲೆ ಜ್ವರ, ಗಾಯದಲ್ಲಿ ಕೀವು, ಮೀನಖಂಡದಲ್ಲಿ ನೋವು ಊತ, ಉಬ್ಬಸ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಸೋಂಕು ತಡೆಯಲು ಮೊದಲೇ ತಯಾರಿ ಬೇಕು. ಸಕ್ಕರೆ ಹತೋಟಿಗೆ ಬರಬೇಕು. ಹುಳುಕು ಹಲ್ಲು, ಉರಿಮೂತ್ರ, ಹಿಮ್ಮಡಿಯ ಒಡಕು ವಾಸಿಯಾಗಬೇಕು. ರಕ್ತ ಕಡಿಮೆ ಇದ್ದರೆ ಸರಿಮಾಡಿಕೊಳ್ಳಬೇಕು.

ಆಪರೇಷನ್ ಅರ್ಧ ಕೆಲಸ. ವ್ಯಾಯಾಮ ಇನ್ನರ್ಧ. ಪೂರ್ತಿ ಸುಧಾರಿಸಲು ಒಂದು ವರ್ಷವೂ ಹಿಡಿಯಬಹುದು. ಕುಕ್ಕರಗಾಲಲ್ಲಿ ಕೂರಬಾರದು. ಎತ್ತರದ ಕಮೋಡ್ ಬೇಕು. ಇಲ್ಲವಾದರೆ ನಡುವೆ ತೂತಿರುವ ಕುರ್ಚಿ ಸಾಕು.

ದುಡ್ಡಿಗೆ ಏನು ಮಾಡೋಣ?

ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಅದಕ್ಕೂ ಮುಂಚೆ ಒಂದೂವರೆ ಲಕ್ಷ ದಾಟುತ್ತಿತ್ತು. ಈ ಮಿತಿ ಆಮೇಲೆ ಪರಿಷ್ಕಾರ ಆಗಿರುತ್ತದೆ, ಈಗಿನದನ್ನು ಕೇಳಿ ತಿಳಿಯಿರಿ. ಇದು ಮಂಡಿಯ ಬೆಲೆ ಮಾತ್ರ. ಆಸ್ಪತ್ರೆಯ ಖರ್ಚು ಬೇರೆ. ಬಿಲ್ಲಿನಲ್ಲಿ ಮಂಡಿಯ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಒಯ್ಯಿರಿ. ಮಂಡಿ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಯೋಜನೆಯೊಳಗೆ ಆಗುತ್ತದೆ, ಚೀಟಿ ಬೇಕೇ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನು ಕೇಳಿ. ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಸಂಜಯ ಗಾಂಧಿ ಆಸ್ಪತ್ರೆ ಇದೆ. ಅದು ರಾಜ್ಯ ಸರ್ಕಾರದ್ದು.

ಮನೆಗೆಲಸ ಯಾರು ಮಾಡ್ತಾರೆ?

ಅನೇಕ ಹೆಂಗಸರು ಆಪರೇಷನ್ ಮುಂದೂಡುವುದು ಬರೀ ಹೆದರಿಕೆಯಿಂದಲ್ಲ. "ನಾನು ಮಲಗಿದರೆ ಒಲೆ ಹಚ್ಚುವವರು ಯಾರು?" ಅನ್ನುವ ಚಿಂತೆಯಿಂದ. ಈ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಮನೆಯವರನ್ನೆಲ್ಲ ಕೂರಿಸಿ ಕೇಳಿ. ಅಡುಗೆ ಯಾರು? ನೀರು ಯಾರು? ಹಸು ಕರೆಯುವವರು ಯಾರು? ಯಜಮಾನರೂ ಮಾಡಬಹುದು, ಮಗನೂ ಮಾಡಬಹುದು. ಕನಿಷ್ಠ ಆರು ವಾರಕ್ಕೆ ಏರ್ಪಾಡು ಆಗಬೇಕು. ಸುಗ್ಗಿ, ಮದುವೆ ನೋಡಿಕೊಂಡು ದಿನ ಗೊತ್ತು ಮಾಡಿ.

ಓದಿ, ಆಮೇಲೆ ಸಹಿ ಹಾಕಿ

ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರ ಕೊಡುತ್ತಾರೆ. ಹಿಂದೆ ನಾವು ನೋಡದೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ನಮಗೆ ಓದು ಬರುತ್ತದೆ. ನಿಧಾನವಾಗಿ ಓದಿ. ಯಾವ ಕಾಲು ಅಂತ ಬರೆದಿದ್ದಾರೆ ನೋಡಿ. ಬೇರೆ ಭಾಷೆಯಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕೇಳುವುದು ನಮ್ಮ ಹಕ್ಕು. ಬೇಡ ಅನ್ನುವುದೂ ನಮ್ಮ ಹಕ್ಕು.

ಈ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗೋಣ:

1. ನನಗೆ ಆಪರೇಷನ್ ಬಿಟ್ಟು ಬೇರೆ ದಾರಿ ಉಳಿದಿದೆಯೇ?
2. ಆರು ತಿಂಗಳು ಕಾದರೆ ಏನಾಗುತ್ತದೆ?
3. ಒಂದು ಮಂಡಿಯೋ, ಎರಡೋ?
4. ನನ್ನ ಸಕ್ಕರೆ, ಬಿ.ಪಿ., ಹೃದಯ ಇದನ್ನು ತಡೆಯುತ್ತವೆಯೇ?
5. ಒಟ್ಟು ಖರ್ಚು ಎಷ್ಟು? ಯೋಜನೆಯಲ್ಲಿ ಎಷ್ಟು ಸಿಗುತ್ತದೆ?
6. ಆಮೇಲೆ ಯಾವ ಕೆಲಸ ಮಾಡಬಹುದು? ಯಾವುದು ಮಾಡಬಾರದು?

ಉತ್ತರವನ್ನೂ ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದು ಇನ್ನೊಮ್ಮೆ ಓದಿ. ಆಮೇಲೆ ತೀರ್ಮಾನ ಮಾಡಿ.