ಅಲಗೂ ನಂಬಿಕೆಯೂ

ಮಹಾನವಮಿಯ ದಿನ ಯಾದವಗಿರಿಯ ಯಾವ ಬೀದಿಯಲ್ಲಿ ನಡೆದುಹೋದರೂ ಮನೆಗಳ ಮುಂದೆ ತೊಳೆದು ನಿಲ್ಲಿಸಿದ ವಾಹನಗಳೂ ಅವುಗಳಿಗೆ ಸುತ್ತಿದ ಸೇವಂತಿಗೆಯ ಹಾರಗಳೂ ಕಣ್ಣಿಗೆ ಬೀಳುವುವು. ಒಳಗೆ ದೇವರ ಮುಂದೆ ಈಳಿಗೆ, ಚಾಕು, ಕತ್ತರಿ, ಕುಡುಗೋಲುಗಳು ಅರಿಸಿನ ಕುಂಕುಮಗಳನ್ನು ಧರಿಸಿ ಕುಳಿತಿರುವುವು. ಅದೇ ದಿನ ಅರಮನೆಯಲ್ಲಿ ರಾಜವಂಶದ ಆಯುಧಗಳನ್ನು ಕೋಡಿ ಸೋಮೇಶ್ವರನ ಗುಡಿಗೆ ಕೊಂಡೊಯ್ದು ಶುಚಿಮಾಡಿ ತಂದು ಪೂಜಿಸುವರು. 2014ರ ದಸರೆಯಲ್ಲಿ ಸಿಂಹಾಸನವನ್ನೇರಲು ವಾರಸುದಾರರಿಲ್ಲದಿದ್ದಾಗ ಪಟ್ಟದ ಕತ್ತಿಯನ್ನೇ ಅದರ ಮೇಲಿರಿಸಿ ಖಾಸಗಿ ದರ್ಬಾರನ್ನು ನಡೆಸಿದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅಲಗಿಗೆ ನಮ್ಮ ಊರು ಸಲ್ಲಿಸುವ ಗೌರವವು ಅಷ್ಟು ದೊಡ್ಡದು. ಆದರೆ ಪೂಜೆಯ ದಿನ ತೋರುವ ಆ ಗೌರವದಲ್ಲಿ ಕಾಲುಪಾಲನ್ನಾದರೂ ಅದನ್ನು ಕೊಳ್ಳುವ ದಿನ ನಾವು ತೋರುವೆವೆ? ಈ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳುವಂತಾದ ಸಂದರ್ಭವನ್ನು ಮೊದಲು ಹೇಳುವೆವು.

ಕೆಲವು ವರ್ಷಗಳ ಹಿಂದೆ ಹಬ್ಬದ ಸಾಮಾನಿಗಾಗಿ ಪೇಟೆಗೆ ಹೋದಾಗ ಥಳಥಳಿಸುವ ಚಾಕುವೊಂದನ್ನು ಕೊಂಡುತಂದೆವು. ಬೆಲೆ ಅಗ್ಗ, ಹಿಡಿ ಕರಿಯ ಮರದಂತೆ ಕಾಣುತ್ತಿತ್ತು, ಮಾರಿದವರು 'ಜೀವಮಾನವಿಡೀ ಬಾಳುವುದು' ಎಂದು ನಗುತ್ತ ಹೇಳಿದರು. ನವಮಿಯಂದು ಅದನ್ನೂ ಉಳಿದ ಆಯುಧಗಳೊಡನೆ ಪೂಜೆಗಿರಿಸಿದೆವು. ವಿಜಯದಶಮಿಯ ಬೆಳಿಗ್ಗೆ ನಮ್ಮ ಅತ್ತಿಗೆಯವರು ಅದನ್ನು ತೆಗೆದು ಸಿಹಿಗುಂಬಳದ ಹೋಳೊಂದನ್ನು ಹೆಚ್ಚಲು ಕುಳಿತರು. ಗಟ್ಟಿ ಸಿಪ್ಪೆಗೆ ಅಲಗು ಸಿಕ್ಕಿಕೊಂಡಿತು, ಅವರು ಒತ್ತಿದರು, ಹಿಡಿ ಕೈಯಲ್ಲಿ ಉಳಿದು ಅಲಗು ಕಳಚಿ ತಿರುಗಿತು. ಎಡಗೈಯ ತೋರುಬೆರಳಿನ ಸ್ನಾಯುರಜ್ಜು ಕತ್ತರಿಸಿಹೋಯಿತು. ವೈದ್ಯರು ಅದನ್ನು ಕೂಡಿಸಿ ಹೊಲಿದರು, ಗಾಯವು ಮಾಯಿತು, ಬೆರಳು ಮಾತ್ರ ಪೂರ್ತಿಯಾಗಿ ಮಡಿಸದಾಯಿತು. ಪ್ರತಿ ಸಂಜೆ ಮೊಳಗಟ್ಟಲೆ ಮಲ್ಲಿಗೆಯನ್ನು ಕಟ್ಟುತ್ತಿದ್ದ ಕೈ ಅದು. ಈಗಲೂ ಕಟ್ಟುವರು, ಆದರೆ ಒಂದು ಮೊಳಕ್ಕೆ ಹಿಂದಿನ ಮೂರು ಮೊಳದ ಹೊತ್ತು ಹಿಡಿಯುವುದು.

ಮುರಿದ ಚಾಕುವನ್ನು ಹಿಡಿದು ನಾವು ಆ ಅಂಗಡಿಗೆ ಹೋದೆವು. ಮಾಡಿದವರು ಯಾರೆಂಬುದು ಮಾರಿದವರಿಗೇ ತಿಳಿಯದು. ರಸೀದಿಯನ್ನು ನಾವು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಅಲಗಿನ ಮೇಲೆ ಯಾರ ಮುದ್ರೆಯೂ ಇರಲಿಲ್ಲ. ಅಲಗಿನಿಂದ ಹಿಡಿಯೊಳಕ್ಕೆ ಹೋಗುವ ಬಾಲವು ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ಉದ್ದವಿರದೆ, ಬರಿಯ ಅಂಟಿನಿಂದ ನಿಂತಿತ್ತು. ಸಿಟ್ಟಿನಿಂದ ಹೋದ ನಾವು ನಾಚಿಕೆಯಿಂದ ಹಿಂದಿರುಗಿದೆವು. ತಪ್ಪಿನಲ್ಲಿ ನಮ್ಮ ಪಾಲೂ ಇದ್ದಿತಲ್ಲವೆ? ಹೊಳಪನ್ನು ನೋಡಿದೆವೇ ಹೊರತು ಅದರ ಹಿಂದೆ ನಿಂತವರು ಯಾರೆಂದು ನೋಡಲಿಲ್ಲ.

ಅದೇ ಮನೆಯಲ್ಲಿ ನಮ್ಮ ಅಜ್ಜಿಯವರ ಕಾಲದ ಈಳಿಗೆ ಮಣೆಯೊಂದಿದೆ. ಸಾಣೆ ಹಿಡಿದು ಹಿಡಿದು ಅದರ ಅಲಗು ಅರ್ಧ ಸವೆದಿದೆ; ಆದರೂ ತೆಂಗಿನಕಾಯಿಯಿಂದ ಹಿಡಿದು ಕೊತ್ತಂಬರಿಯವರೆಗೆ ಯಾವುದಕ್ಕೂ ಹಿಂಜರಿಯದು. ಅದರ ಮೇಲೂ ಮುದ್ರೆಯಿಲ್ಲ. ಹಾಗಾದರೆ ಅದೇಕೆ ಬಾಳಿತು, ಇದೇಕೆ ಮುರಿಯಿತು? ಉತ್ತರವನ್ನು ಹುಡುಕಿದರೆ ನಮ್ಮ ನಾಡಿನ ಹಳೆಯ ಪದ್ಧತಿಯೊಂದು ಎದುರಿಗೆ ಬಂದು ನಿಲ್ಲುವುದು.

ಹಿಂದೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರಿರುತ್ತಿದ್ದರು, ಕಮ್ಮಾರನು ಅವರಲ್ಲೊಬ್ಬ. ಒಂದೊಂದು ಕುಡುಗೋಲಿಗೆ ಇಷ್ಟೆಂದು ಅವನು ಹಣವನ್ನು ಎಣಿಸಿಕೊಳ್ಳುತ್ತಿರಲಿಲ್ಲ. ಸುಗ್ಗಿಯ ಕಾಲದಲ್ಲಿ ಕಣದಿಂದ ಅವನ ಪಾಲಿನ ಧಾನ್ಯವು ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ಊರಿನ ನೇಗಿಲು, ಮಚ್ಚು, ಕುಡುಗೋಲುಗಳನ್ನು ವರ್ಷವಿಡೀ ಅವನು ನೋಡಿಕೊಳ್ಳಬೇಕು. ಹದ ಕೆಟ್ಟ ಅಲಗನ್ನು ಮಾಡಿದರೆ ಅದು ಮಾರನೆಯ ವಾರವೇ ಅವನ ಕುಲುಮೆಗೆ ಹಿಂದಿರುಗುವುದು, ದುಡಿಮೆ ಇಮ್ಮಡಿಯಾಗುವುದು, ಧಾನ್ಯವು ಮಾತ್ರ ಅಷ್ಟೇ. ಆದುದರಿಂದ ಒಳ್ಳೆಯ ಕೆಲಸವೇ ಅವನಿಗೆ ಲಾಭ. ಮಾಡಿದವನು ತಾನು ಮಾಡಿದುದನ್ನು ಮತ್ತೆ ನೋಡಲೇಬೇಕಾಗಿದ್ದ ಆ ಕಟ್ಟೇ ಅಂದಿನ ಮುದ್ರೆ.

ನಮ್ಮ ನಾಡಿನ ಉಕ್ಕಿಗೆ ಹೊರದೇಶಗಳಲ್ಲಿಯೂ ಹೆಸರಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, 1800-01ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ನನು ಚನ್ನರಾಯದುರ್ಗದ ಸುತ್ತಿನಲ್ಲಿ ಉಕ್ಕನ್ನು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿರುವನು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಹಸುರೆಲೆಗಳನ್ನಿಟ್ಟು ಬಾಯಿ ಮುಚ್ಚಿ, ಬೆಂಕಿಯಲ್ಲಿ ಬೇಯಿಸುತ್ತಿದ್ದರು. ಸೌದೆಯೊಳಗಿನ ಇಂಗಾಲವು ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಚಿತ್ರದುರ್ಗದ ಸೀಮೆಯ ಗಟ್ಟಿಹೊಸಹಳ್ಳಿಯಲ್ಲಿಯೂ ಇಂತಹ ಮೂಸೆಗಳ ಅವಶೇಷಗಳು ದೊರೆತಿವೆ. ಇಂಗ್ಲೆಂಡಿನವರು ಈ ಉಕ್ಕನ್ನು 'ವೂಟ್ಸ್' ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದುದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನಲ್ಲಿ ಚಾಕು ಕತ್ತರಿಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟನು ಇದನ್ನು ಬಹುವಾಗಿ ಮೆಚ್ಚಿ, ಪ್ರಸಿದ್ಧ ವಿಜ್ಞಾನಿ ಮೈಕೇಲ್ ಫ್ಯಾರಡೆಯೊಡನೆ ಸೇರಿ ಪರೀಕ್ಷೆಗಳನ್ನು ನಡೆಸಿ 1820ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು.

ಆ ಮೂಸೆಗಳು ಆರಿಹೋದುವು. ಆಯದ ಪದ್ಧತಿಯೂ ಹೋಯಿತು. ಈಗ ಮಾಡುವವರು ಒಂದೆಡೆ, ಮಾರುವವರು ಒಂದೆಡೆ, ಕೊಳ್ಳುವವರು ಮತ್ತೊಂದೆಡೆ. ಹಳೆಯದನ್ನು ನೆನೆದು ನಿಟ್ಟುಸಿರಿಟ್ಟು ಫಲವಿಲ್ಲ. ಕಡಿದುಹೋದ ಆ ಕಟ್ಟನ್ನು ಮತ್ತೆ ಹೇಗೆ ಕಟ್ಟಿಕೊಳ್ಳಬಹುದೆಂಬುದನ್ನು ವಿಚಾರಿಸುವುದು ಮೇಲು. ನಮ್ಮ ಅನುಭವದಿಂದ ಕಂಡುಕೊಂಡ ಕೆಲವು ಮಾತುಗಳನ್ನು ಗೃಹಿಣಿಯರ ಮುಂದಿಡುವೆವು.

ಮೊದಲನೆಯದಾಗಿ ಬಾಲವನ್ನು ನೋಡಬೇಕು. ಒಳ್ಳೆಯ ಚಾಕುವಿನಲ್ಲಿ ಅಲಗಿನ ಲೋಹವೇ ಹಿಡಿಯ ಕೊನೆಯವರೆಗೂ ಹೋಗಿ, ಎರಡು ಮೂರು ಮೊಳೆಗಳಿಂದ ಬಿಗಿಯಲ್ಪಟ್ಟಿರುವುದು. ಬಾಲವು ಕಣ್ಣಿಗೆ ಕಾಣದಿದ್ದರೆ ಎಷ್ಟು ಉದ್ದವಿರುವುದೆಂದು ಮಾರುವವರನ್ನು ಕೇಳಬೇಕು. ಹೇಳಲಾರದವರಲ್ಲಿ ಕೊಳ್ಳದಿರುವುದೇ ಲೇಸು.

ಎರಡನೆಯದು ಹದ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಅದು ಗಡುಸಾಗುವುದು. ಆದರೆ ಗಾಜಿನಂತೆ ಒಡೆಯುವ ಗುಣವೂ ಬರುವುದು. ಮತ್ತೊಮ್ಮೆ ಮೆಲ್ಲನೆ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತಂದಾಗಲೇ ಒಡೆಯದೆ ಬಾಳುವ ಶಕ್ತಿ ಬರುವುದು. ಈ ಎರಡನೆಯ ಕಾಯಿಸುವಿಕೆಯನ್ನು ಬಿಟ್ಟರೆ ಹೊತ್ತು ಉಳಿಯುವುದು, ಹೊರಗೆ ಕಾಣುವುದೂ ಇಲ್ಲ. ಆದುದರಿಂದ ಮೋಸಕ್ಕೆ ಇಲ್ಲಿಯೇ ಹೆಚ್ಚು ಎಡೆ. ಮಾಡಿದವರನ್ನು ಕೇಳಿದಾಗ ಹದವನ್ನು ಕುರಿತು ಅವರು ಸಂತೋಷದಿಂದ ಮಾತನಾಡಿದರೆ ಅದೊಂದು ಒಳ್ಳೆಯ ಲಕ್ಷಣ.

ಮೂರನೆಯದು ಲೋಹದ ಜಾತಿ. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯವರು ಬಳಕೆಗೆ ತಂದರು. ಕ್ರೋಮಿಯಮ್ ಬೆರೆತ ಆ ಲೋಹವು ಹುಳಿ, ನಿಂಬೆಗಳಿಗೆ ಅಂಜದು. ಕಮ್ಮಾರರು ಲಾರಿಯ ಪಟ್ಟೆ ಸ್ಪ್ರಿಂಗನ್ನು ಬಡಿದು ಮಾಡುವ ಚಾಕುವಾದರೋ ತುಕ್ಕು ಹಿಡಿಯುವುದು, ಆದರೆ ಸುಲಭವಾಗಿ ಹರಿತವಾಗುವುದು. ತೊಳೆದೊಡನೆ ಒರೆಸಿ ಎಣ್ಣೆಯ ಕೈ ಸವರಿದರೆ ತಲೆಮಾರು ಬಾಳುವುದು. ಎರಡೂ ಒಳ್ಳೆಯವೇ. ಯಾವುದನ್ನು ಕೊಡುತ್ತಿರುವೆನೆಂದು ಮಾರುವವನು ನಿಜವಾಗಿ ಹೇಳಿದರೆ ಸಾಕು.

ನಾಲ್ಕನೆಯದೂ ಮುಖ್ಯವಾದುದೂ ಈ ಒಂದು ಪ್ರಶ್ನೆ: 'ಕೆಟ್ಟರೆ ಯಾರ ಬಳಿಗೆ ತರಬೇಕು?' ಹೆಸರು, ವಿಳಾಸ, ರಸೀದಿಗಳನ್ನು ಕೊಡುವವರು, ಮೊಳೆ ಸಡಿಲಿದರೆ ಬಿಗಿದುಕೊಡುವೆವೆನ್ನುವವರು, ಸಾಣೆ ಹಿಡಿಸಲು ಮತ್ತೆ ಬನ್ನಿರೆನ್ನುವವರು, ಇವರೇ ನಂಬತಕ್ಕವರು. ಮೊಬೈಲಿನ ಪರದೆಯಲ್ಲಿ ಚಿತ್ರವನ್ನು ನೋಡಿ ದೂರದಿಂದ ತರಿಸುವವರಿಗೂ ಇದೇ ಮಾತು ಅನ್ವಯಿಸುವುದು.

ಇನ್ನು ಕತ್ತಿಗಳ ವಿಷಯ. ಗೃಹಸ್ಥರಿಗೆ ಕತ್ತಿಯೇಕೆ ಎಂದು ಕೆಲವರು ಕೇಳಬಹುದು. ನಮ್ಮ ನೆರೆಯ ಕೊಡಗಿನವರನ್ನು ನೋಡಿರಿ. ಅವರ ಮನೆಗಳಲ್ಲಿ ಪೀಚೆಕತ್ತಿ, ಒಡಿಕತ್ತಿಗಳು ಶುಭಕಾರ್ಯದ ಅಂಗಗಳು. ಮದುವೆಯಲ್ಲಿ ಬಾಳೆಯ ದಿಂಡನ್ನು ಒಡಿಕತ್ತಿಯಿಂದಲೇ ಕಡಿಯುವರು, ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸುವರು. ಅಂತಹ ಕತ್ತಿಯನ್ನು ಬಯಸುವವರು ಕೊಡಗಿನ ಹಿರಿಯರನ್ನು ಕೇಳಿ, ಅವರ ಮನೆಗೆ ಮಾಡಿಕೊಡುವವರಲ್ಲಿಗೇ ಹೋಗುವುದು ಸರಿ. ಗೋಡೆಯ ಅಲಂಕಾರಕ್ಕೆಂದು ಮಾಡಿದ ತೆಳುತಗಡನ್ನು ತಂದು ದಿಂಡಿನ ಮೇಲೆ ಬೀಸಿದರೆ ಅಲಗು ಹಾರಿ ನೆರೆದವರಿಗೆ ಬಡಿಯಬಹುದು.

'ಅರಮನೆಯ ಕಾಲದ್ದು', 'ಟಿಪ್ಪುವಿನ ಸೈನ್ಯದ್ದು' ಎಂದು ಹೇಳಿ ಮಾರುವವರ ವಿಷಯದಲ್ಲಂತೂ ಇಮ್ಮಡಿ ಎಚ್ಚರವಿರಬೇಕು. 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನರ ಶಯನಾಗಾರದ ಕತ್ತಿಯು 1 ಕೋಟಿ 40 ಲಕ್ಷ ಪೌಂಡುಗಳಿಗೂ ಮೀರಿ ಹೋಯಿತು. ಬರಿಯ ಉಕ್ಕಿಗೂ ಚಿನ್ನದ ಕೆಲಸಕ್ಕೂ ಅಷ್ಟು ಬೆಲೆ ಬರಲಿಲ್ಲ. 1799ರಲ್ಲಿ ಅದು ಸೇನಾನಿ ಡೇವಿಡ್ ಬೇರ್ಡನಿಗೆ ಕಾಣಿಕೆಯಾಗಿ ಸಂದುದಕ್ಕೆ ದಾಖಲೆಯಿತ್ತು. ದಾಖಲೆಯಿಲ್ಲದ ಕಥೆಗೆ ಕಾಸನ್ನೂ ಕೊಡಬೇಕಾದುದಿಲ್ಲ. ಹಳೆಯ ಉಕ್ಕಿನಲ್ಲಿ ಕಾಣುವ ನೀರಿನಲೆಯಂತಹ ಚಿತ್ತಾರವು ಲೋಹದ ಒಳಗಿನಿಂದಲೇ ಬಂದುದು. ಅಲಗನ್ನು ಉಜ್ಜಿ ಮತ್ತೆ ಆಮ್ಲವನ್ನು ಸವರಿದರೆ ಮರಳಿ ಮೂಡುವುದು. ನಕಲಿಯಲ್ಲಿ ಮೇಲೆ ಮಾತ್ರ ಆಮ್ಲದಿಂದ ಬರೆದಿರುವರು, ಉಜ್ಜಿದರೆ ಅಳಿದುಹೋಗುವುದು. ಈ ಪರೀಕ್ಷೆಯನ್ನು ಬಲ್ಲವರ ಕೈಯಿಂದ ಮಾಡಿಸಬೇಕೇ ಹೊರತು ಮನೆಯಲ್ಲಿ ಮಾಡತಕ್ಕದ್ದಲ್ಲ.

ಕಾನೂನನ್ನೂ ಮರೆಯಬಾರದು. 1972ರ ಪ್ರಾಚ್ಯವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂತಹ ವಸ್ತುಗಳನ್ನು ವ್ಯಾಪಾರಮಾಡುವವರಿಗೆ ಪರವಾನಗಿ ಇರಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. 1959ರ ಆಯುಧ ಕಾಯಿದೆಯು ಕೇವಲ ಮನೆಗೆಲಸ, ಬೇಸಾಯಗಳಿಗಾಗಿ ಮಾಡಿದ ಉಪಕರಣಗಳನ್ನು ಹೊರತುಪಡಿಸಿದೆ. ಆದರೆ ಕತ್ತಿ ಕಠಾರಿಗಳು ಆಯುಧಗಳೇ. ಸರ್ಕಾರವು ಅಧಿಸೂಚನೆಯಿಂದ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಅವುಗಳಿಗೂ ಪರವಾನಗಿ ಬೇಕು. ಕೊಳ್ಳುವ ಮುನ್ನ ಪೊಲೀಸು ಠಾಣೆಯಲ್ಲಿ ವಿಚಾರಿಸುವುದರಿಂದ ನಷ್ಟವೇನೂ ಇಲ್ಲ.

ಅತ್ತಿಗೆಯವರ ಗಾಯವು ಮಾಯ್ದ ಮೇಲೆ ನಾವು ಊರ ಹೊರಗಿನ ಹಳ್ಳಿಯೊಂದರ ಕುಲುಮೆಯನ್ನು ಹುಡುಕಿಕೊಂಡು ಹೋದೆವು. ಅಲ್ಲಿಯ ವೃದ್ಧ ಕಮ್ಮಾರರು ಬೆಲೆಯನ್ನು ಮೊದಲು ಹೇಳಲಿಲ್ಲ. 'ಯಾರು ಹಿಡಿಯುವುದು? ಯಾವ ಕೈ?' ಎಂದು ಕೇಳಿದರು. ನಡೆದುದನ್ನು ಹೇಳಿದೆವು. ಅವರು ಮುರಿದ ಚಾಕುವನ್ನು ತಿರುಗಿಸಿ ನೋಡಿ, ಏನನ್ನೂ ಆಡದೆ ಪಕ್ಕಕ್ಕಿಟ್ಟರು. ಹದಿನೈದು ದಿನಗಳ ತರುವಾಯ ಕೊಟ್ಟ ಚಾಕುವಿಗೆ ಹೊಳಪಿಲ್ಲ. ಹಿಡಿಯು ದಪ್ಪನಾಗಿ, ಬೆರಳುಗಳು ಅಲಗಿನತ್ತ ಜಾರದಂತೆ ಮುಂದುಗಡೆ ತಡೆಯೊಂದಿದೆ. 'ಆರು ತಿಂಗಳಿಗೊಮ್ಮೆ ತಂದು ತೋರಿಸಿ' ಎಂದರು. ಬೆಲೆ ಹಿಂದಿನದರ ನಾಲ್ಕರಷ್ಟಾಯಿತು. ಆಸ್ಪತ್ರೆಯ ಖರ್ಚಿನೊಡನೆ ಹೋಲಿಸಿದರೆ ಅದು ಏನೂ ಅಲ್ಲ.

ಮೊದಲ ಕೆಲವು ದಿನ ಅತ್ತಿಗೆಯವರು ಅದನ್ನು ಮುಟ್ಟಲು ಅಂಜಿದರು. ಈಗ ಅದು ಅವರ ಕೈಗೆ ಒಗ್ಗಿದೆ. ಆರು ತಿಂಗಳಿಗೊಮ್ಮೆ ನಾವು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆ ಕುಲುಮೆಗೆ ಹೋಗಿಬರುವೆವು. ಹೋಗುವಾಗ ಅತ್ತಿಗೆಯವರು ತಾವೇ ಕಟ್ಟಿದ ಮೊಳ ಹೂವನ್ನು ಆ ಮನೆಯಾಕೆಗೆಂದು ಕೊಟ್ಟು ಕಳುಹಿಸುವರು. ಮುಂದಿನ ನವಮಿಯಂದು ವಾಚಕರು ತಮ್ಮ ಮನೆಯ ಅಲಗುಗಳಿಗೆ ಕುಂಕುಮವನ್ನಿಡುವಾಗ ಒಂದೊಂದನ್ನೂ ಕೈಗೆತ್ತಿಕೊಂಡು, ಇದನ್ನು ಮಾಡಿದವರು ಯಾರು, ಇದರ ಹಿಡಿ ಬಿಗಿಯಾಗಿದೆಯೆ ಎಂದು ಒಮ್ಮೆ ನೋಡಲಿ. ಅಲ್ಲಾಡುವ ಹಿಡಿಯೊಂದು ಸಿಕ್ಕಿದರೂ ಸಾಕು, ಅಂದಿನ ಪೂಜೆಯು ಸಾರ್ಥಕವಾದಂತೆಯೇ ಸರಿ.