ಪ್ರೇರಿತ ಆಕರಕೋಶಗಳು ಮತ್ತು ವೈದ್ಯಶಾಸ್ತ್ರ

ಮಾನವದೇಹವು ಒಂದೇ ಒಂದು ಫಲಿತ ಅಂಡದಿಂದ ಬೆಳೆದುಬರುತ್ತದೆ. ಆ ಅಂಡವು ವಿಭಜನೆ ಹೊಂದುತ್ತ ಹೋದಂತೆ ಅದರಿಂದುಂಟಾದ ಕೋಶಗಳಲ್ಲಿ ಕೆಲವು ನರಕೋಶಗಳಾಗಿಯೂ, ಕೆಲವು ಸ್ನಾಯುಕೋಶಗಳಾಗಿಯೂ, ಮತ್ತೆ ಕೆಲವು ಚರ್ಮದ ಕೋಶಗಳಾಗಿಯೂ ಮಾರ್ಪಡುತ್ತವೆ. ಹೀಗೆ ಒಂದು ಕಾರ್ಯಕ್ಕೆ ಮೀಸಲಾದ ಕೋಶವು ಮರಳಿ ಆದಿಸ್ಥಿತಿಯನ್ನು ಪಡೆಯಲಾರದೆಂಬುದು ಬಹುಕಾಲ ನೆಲೆಗೊಂಡಿದ್ದ ಅಭಿಪ್ರಾಯ. ಅದು ಹೇಗೆ ಸಡಿಲಗೊಂಡಿತು, ಅದರಿಂದ ವೈದ್ಯಶಾಸ್ತ್ರಕ್ಕೆ ಒದಗಿದ ಭರವಸೆ ಮತ್ತು ಅಪಾಯಗಳಾವುವು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

1962ರಲ್ಲಿ ಜಾನ್ ಗರ್ಡನ್ ಅವರು ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು ತೆಗೆದು, ಸ್ವಂತ ಕೇಂದ್ರವನ್ನು ನಾಶಪಡಿಸಿದ ಕಪ್ಪೆಯ ಅಂಡದಲ್ಲಿ ಇರಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಅಂಥ ಅಂಡಗಳಲ್ಲಿ ಕೆಲವು ಗೊದಮೊಟ್ಟೆಗಳಾಗಿ ಬೆಳೆದುವು. ಇಡೀ ದೇಹದ ರಚನೆಗೆ ಬೇಕಾದ ಆದೇಶಗಳು ಕರುಳಿನ ಕೋಶದಲ್ಲಿಯೂ ಸುಪ್ತವಾಗಿ ಉಳಿದಿರುತ್ತವೆಂದು ಇದರಿಂದ ಸಿದ್ಧವಾಯಿತು. 2006ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ಮತ್ತು ಕಜುತೋಶಿ ತಕಹಾಶಿ ಅವರು 24 ಜೀನುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನಾಲ್ಕನ್ನು ವೈರಸ್ಸುಗಳ ಮೂಲಕ ಇಲಿಯ ಕೋಶಗಳೊಳಕ್ಕೆ ಸೇರಿಸಿದರೆ ಅವು ಭ್ರೂಣದ ಆಕರಕೋಶಗಳಂತಾಗುವುವೆಂದು ತೋರಿಸಿದರು. 2007ರಲ್ಲಿ ಮಾನವನ ಚರ್ಮದ ಕೋಶಗಳಲ್ಲಿಯೂ ಈ ಪರಿವರ್ತನೆ ಸಾಧ್ಯವಾಯಿತು. ಇವೇ ಪ್ರೇರಿತ ಆಕರಕೋಶಗಳು ಅಥವಾ ಐಪಿಎಸ್ ಕೋಶಗಳು. ಗರ್ಡನ್ ಮತ್ತು ಯಮನಾಕ ಅವರಿಗೆ 2012ರ ನೊಬೆಲ್ ಪಾರಿತೋಷಕ ದೊರೆಯಿತು.

ಇವುಗಳಿಂದ ನಿರೀಕ್ಷಿಸುವ ಪ್ರಯೋಜನಗಳು ಮುಖ್ಯವಾಗಿ ಮೂರು. ರೋಗಿಯ ಕೋಶಗಳಿಂದಲೇ ಹೊಸ ಅಂಗಾಂಶವನ್ನು ಬೆಳೆಸಿದರೆ ದೇಹವು ಅದನ್ನು ತಿರಸ್ಕರಿಸುವ ಸಂಭವ ಕಡಮೆ. ಭ್ರೂಣವನ್ನು ನಾಶಪಡಿಸುವ ನೈತಿಕ ಸಮಸ್ಯೆ ಇಲ್ಲಿ ಏಳುವುದಿಲ್ಲ. ಅಲ್ಲದೆ, ರೋಗಿಯ ಮಿದುಳನ್ನು ಮುಟ್ಟದೆಯೇ ಅವನ ನರಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ರೋಗದ ಸ್ವರೂಪವನ್ನೂ ಔಷಧಗಳ ಪರಿಣಾಮವನ್ನೂ ಪರೀಕ್ಷಿಸಬಹುದು.

ಆದರೆ ಮಿತಿಯಿಲ್ಲದೆ ವಿಭಜಿಸುವ ಶಕ್ತಿ ಅರ್ಬುದಕ್ಕೂ ಉಂಟು. ಯಮನಾಕ ಅವರು ಬಳಸಿದ ನಾಲ್ಕು ಜೀನುಗಳಲ್ಲೊಂದಾದ ಸಿ-ಮಿಕ್ ಅರ್ಬುದಕ್ಕೆ ಸಂಬಂಧಿಸಿದುದು. ಅದರಿಂದ ಇಲಿಗಳಲ್ಲಿ ಗಂತಿಗಳು ಬೆಳೆದುವೆಂದು 2007ರಲ್ಲಿ ವರದಿಯಾಯಿತು. ಪರಿವರ್ತನೆ ಹೊಂದದೆ ಉಳಿದ ಆಕರಕೋಶಗಳು ನಾಟಿಯಲ್ಲಿ ಸೇರಿಕೊಂಡರೆ ಅವೂ ಗಂತಿಗಳಾಗಬಲ್ಲುವು. ದೀರ್ಘಕಾಲ ಬೆಳೆಸಿದ ಕೋಶಗಳಲ್ಲಿ ಜೀನುಗಳ ವಿಕೃತಿಗಳೂ ಸಂಗ್ರಹವಾಗಬಹುದು.

ಈ ತೊಡಕು ಕೋಬೆ ನಗರದ ಪ್ರಯೋಗದಲ್ಲಿ ಪ್ರತ್ಯಕ್ಷವಾಯಿತು. 2014ರಲ್ಲಿ ರೈಕೆನ್ ಸಂಸ್ಥೆಯ ಮಸಾಯೊ ತಕಹಾಶಿ ಅವರ ನೇತೃತ್ವದಲ್ಲಿ, ಅಕ್ಷಿಪಟದ ರೋಗದಿಂದ ದೃಷ್ಟಿ ಕುಂದುತ್ತಿದ್ದ ಎಪ್ಪತ್ತು ದಾಟಿದ ಮಹಿಳೆಯೊಬ್ಬರಿಗೆ, ಅವರ ಚರ್ಮದ ಕೋಶಗಳಿಂದಲೇ ಬೆಳೆಸಿದ ಕೋಶಗಳ ಹಾಳೆಯನ್ನು ನಾಟಿಮಾಡಲಾಯಿತು. ಒಂದು ವರ್ಷದ ತರುವಾಯ ಹಾಳೆ ಸುಸ್ಥಿತಿಯಲ್ಲಿತ್ತು. ದೃಷ್ಟಿ ಉತ್ತಮಗೊಳ್ಳಲಿಲ್ಲ, ಕೆಡಲೂ ಇಲ್ಲ. ಎರಡನೆಯ ರೋಗಿಯ ಕೋಶಗಳಲ್ಲಿ ವಿಕೃತಿಗಳು ಕಂಡುಬಂದುದರಿಂದ ನಾಟಿಯನ್ನು ಕೈಬಿಟ್ಟು, 2015ರಲ್ಲಿ ಪ್ರಯೋಗವನ್ನು ತಡೆಹಿಡಿಯಲಾಯಿತು. ಕಾದಿದ್ದ ರೋಗಿಗೆ ಅದು ನಿರಾಶೆಯೇ ಸರಿ. ಆದರೂ ವಿಜ್ಞಾನಿಗಳು ಆಗ ಮಾಡಿದುದು ಅವರ ಕರ್ತವ್ಯವನ್ನೇ. ಪ್ರತಿಯೊಬ್ಬನಿಗೂ ಅವನವೇ ಕೋಶಗಳನ್ನು ಸಿದ್ಧಪಡಿಸಿ ಪರೀಕ್ಷಿಸುವುದು ಬಹುವೆಚ್ಚದ, ನಿಧಾನದ ಕಾರ್ಯವಾದುದರಿಂದ, ಮುಂಚಿತವಾಗಿ ಪರೀಕ್ಷಿಸಿಟ್ಟ ದಾನಿಗಳ ಕೋಶಗಳನ್ನು 2017ರಲ್ಲಿ ಬಳಸಲಾಯಿತು. ಮೊದಲ ಪ್ರಯೋಜನವೆಂದೆಣಿಸಿದ್ದುದೇ ಹೀಗೆ ಅತಿ ಕಠಿಣವಾಗಿ ಪರಿಣಮಿಸಿತು.

ಕ್ಯೋಟೋದಲ್ಲಿ 2018ರಲ್ಲಿ ಆರಂಭವಾದ ಇನ್ನೊಂದು ಪ್ರಯೋಗದಲ್ಲಿ ಪಾರ್ಕಿನ್ಸನ್ ರೋಗದ ಏಳು ಮಂದಿಯ ಮಿದುಳಿನಲ್ಲಿ ಇಂಥ ದಾನಿಕೋಶಗಳಿಂದ ಬೆಳೆಸಿದ ಕೋಶಗಳನ್ನು ನಾಟಿಮಾಡಲಾಯಿತು. 2025ರ ವರದಿಯಂತೆ ಗಂತಿಗಳು ಕಂಡುಬರಲಿಲ್ಲ. ಕೆಲವರಲ್ಲಿ ಸುಧಾರಣೆ ಕಾಣಿಸಿತು. ಆದರೆ ಏಳು ಮಂದಿಯಿಂದ ಚಿಕಿತ್ಸೆಯ ಗುಣವನ್ನು ಸ್ಥಾಪಿಸಲಾಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಜೈವಿಕ ತಂತ್ರಜ್ಞಾನ ಇಲಾಖೆಯೂ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ರಕ್ತೋತ್ಪಾದಕ ಆಕರಕೋಶಗಳ ಅಂಗೀಕೃತ ನಾಟಿಯನ್ನು ಬಿಟ್ಟು ಉಳಿದ ಆಕರಕೋಶ ಪ್ರಯೋಗಗಳನ್ನು ಅನುಮತಿ ಪಡೆದ ಪರೀಕ್ಷೆಗಳಿಗೆ ಸೀಮಿತಗೊಳಿಸಿತು. ನಿರಾಶನಾದ ರೋಗಿ ಆಕರಕೋಶವೆಂಬ ಹೆಸರು ಕೇಳಿದೊಡನೆ ಹಣ ತೆರಲು ಮುಂದಾಗುವುದು ಸಹಜ. ಪರೀಕ್ಷೆಗೆ ಅನುಮತಿ ಉಂಟೇ, ಹಿಂದೆ ಎಷ್ಟು ಮಂದಿಗೆ ನೀಡಲಾಗಿದೆ, ಫಲವು ಪ್ರಕಟವಾಗಿದೆಯೇ ಎಂಬ ಪ್ರಶ್ನೆಗಳನ್ನು ಕೇಳುವಂತೆ ಆತನಿಗೆ ತಿಳಿಹೇಳುವುದು ವಿಜ್ಞಾನದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಉಪಕಾರ.